ಬೆರಳು ಮರಗಟ್ಟುವ ಬೆಳಗಿಗೊಂದು ಕೈಗವಸು



ಚಳಿಗಾಲವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ತುಟಿ ಒಡೆಯುವುದು, ಹಿಮ್ಮಡಿ ಬಿರಿಯುವುದು, ಮಕ್ಕಳ ಮೂಗು ಸೋರುವುದು. ಕರಾವಳಿಯ ಸಹೋದರಿಯರಿಗಂತೂ ಚಳಿಯೆಂದರೆ ಬೆಳಗಿನ ಜಾವ ಎದ್ದು ಫ್ಯಾನ್ ನಿಲ್ಲಿಸುವುದು, ಅಷ್ಟೇ. ಆದರೆ ಬೀದರ್ ಜಿಲ್ಲೆಯ ಔರಾದದಲ್ಲಿ ಒಂದು ಡಿಸೆಂಬರ್ ಕಳೆದು ನೋಡಿ. ಚಳಿ ಎಂಬ ಪದಕ್ಕೆ ಬೇರೆಯೇ ಅರ್ಥ ತಿಳಿಯುತ್ತದೆ.

ಕರ್ನಾಟಕದ ನಕ್ಷೆಯಲ್ಲಿ ಎಲ್ಲಕ್ಕಿಂತ ಮೇಲಿನ ತುದಿಯಲ್ಲಿರುವ ತಾಲೂಕು ಔರಾದ. ಅದರ ಒಂದು ಬದಿಗೆ ಮಹಾರಾಷ್ಟ್ರ, ಇನ್ನೊಂದು ಬದಿಗೆ ತೆಲಂಗಾಣ. ಸಮುದ್ರ ಇಲ್ಲಿಂದ ಬಲು ದೂರ. ಬಯಲು ನೆಲ, ಒಣ ಗಾಳಿ, ಮೋಡವಿಲ್ಲದ ಆಕಾಶ. ಹಗಲು ಕಾದ ನೆಲದ ಬಿಸಿಯೆಲ್ಲ ರಾತ್ರಿ ಮೇಲಕ್ಕೆ ಹಾರಿ ಹೋಗುತ್ತದೆ. ಡಿಸೆಂಬರ್, ಜನವರಿಯ ಕೆಲವು ಬೆಳಗುಗಳಲ್ಲಿ ಈ ಜಿಲ್ಲೆಯ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ನನ್ನ ನಾದಿನಿಯನ್ನು ಕೊಟ್ಟಿರುವುದು ಅಲ್ಲಿಗೇ. ಕಳೆದ ಡಿಸೆಂಬರಿನಲ್ಲಿ ಒಂದು ವಾರ ಅವಳ ಮನೆಯಲ್ಲಿದ್ದೆ. ಅಲ್ಲಿ ಎದ್ದ ಒಂದು ಸಣ್ಣ ಪ್ರಶ್ನೆಯೇ ಈ ತಿಂಗಳ ಮಾತು. ಚಳಿಯಲ್ಲಿ ಹೊರಗೆ ಹೋಗಿ ಫೋಟೋ ತೆಗೆಯುವ ಹುಡುಗಿಗೆ ಎಂಥ ಕೈಗವಸು ಬೇಕು?

ಇದೇನು ವಿಷಯ ಎಂದು ನಗಬೇಡಿ. ನಾನೂ ಮೊದಲು ನಕ್ಕಿದ್ದೆ.

ನಾದಿನಿಯ ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಳೆ. ಸೌದಿಯಲ್ಲಿರುವ ಅವಳ ಚಾಚಾ ತಾವು ಬಳಸಿದ ಕ್ಯಾಮೆರಾವನ್ನು ಅವಳಿಗೆ ಕೊಟ್ಟಿದ್ದಾರೆ. ಅಂದಿನಿಂದ ಅವಳಿಗೆ ಅದೇ ಲೋಕ. ಬೀದರ್ ಜಿಲ್ಲೆಯ ಹೊಲಗಳಲ್ಲಿ ಕೃಷ್ಣಮೃಗಗಳು ಹಿಂಡು ಹಿಂಡಾಗಿ ಮೇಯುವುದನ್ನು ನೀವು ಕೇಳಿರಬಹುದು. ಸುರುಳಿ ಕೊಂಬಿನ ಕಪ್ಪು ಗಂಡು ಜಿಂಕೆ ಕಡಲೆ ಹೊಲದ ಮಂಜಿನಲ್ಲಿ ತಲೆಯೆತ್ತಿ ನಿಂತಾಗ, ಅದರ ಹಿಂದಿನಿಂದ ಸೂರ್ಯ ಮೂಡುವ ಚಿತ್ರ ಅವಳಿಗೆ ಬೇಕು. ಫಜ್ರ್ ನಮಾಝ್ ಮುಗಿಸಿ ಅವಳ ಅಬ್ಬಾ ಬೈಕಿನಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದರು.

ನಾನು ಹೋದ ಎರಡನೇ ದಿನ ಇಬ್ಬರೂ ಬೇಗನೆ ಹಿಂತಿರುಗಿದರು. ಹುಡುಗಿಯ ಕಣ್ಣಲ್ಲಿ ನೀರು. ಬೈಕ್ ಸವಾರರು ಹಾಕುವ ದಪ್ಪ ಕೈಗವಸು ಹಾಕಿಕೊಂಡು ಹೋಗಿದ್ದಳು. ಅದನ್ನು ಹಾಕಿಕೊಂಡರೆ ಕ್ಯಾಮೆರಾದ ಗುಂಡಿ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಬಿಚ್ಚಿದಳು. ಐದು ನಿಮಿಷದಲ್ಲಿ ಬೆರಳು ಮರಗಟ್ಟಿತು. ಜಿಂಕೆ ಬಂದಾಗ ಬೆರಳು ಮಡಚಲಿಲ್ಲ. ಕ್ಯಾಮೆರಾ ಕೈಯಿಂದ ಜಾರಿ ಲೆನ್ಸಿನ ಮುಂದಿನ ಗಾಜಿನ ಫಿಲ್ಟರ್ ಒಡೆಯಿತು. ಬಿಚ್ಚಿಟ್ಟ ಒಂದು ಕೈಗವಸು ತೊಗರಿ ಹೊಲದಲ್ಲೇ ಎಲ್ಲೋ ಉಳಿಯಿತು.

“ಹೆಣ್ಣು ಮಗಳಿಗೆ ಈ ಚಳಿಯಲ್ಲಿ ಇದೆಲ್ಲ ಯಾಕೆ ಬೇಕಿತ್ತು?” ಎಂದರು ದಾದಿ. ಅವಳ ಅಬ್ಬಾ ಏನೂ ಬೈಯಲಿಲ್ಲ. “ಬೇಸಿಗೆಯಲ್ಲಿ ನೋಡೋಣ ಬೇಟಾ” ಎಂದರು. ಆ ಮಾತೇ ಅವಳಿಗೆ ಹೆಚ್ಚು ನೋವು ಕೊಟ್ಟಿತು. ಬೇಸಿಗೆಯಲ್ಲಿ ಮಂಜೂ ಇಲ್ಲ, ಹಸಿರು ಕಡಲೆಯೂ ಇಲ್ಲ. ಹೀಗೆ ಮುಂದೂಡಿದ ಎಷ್ಟು ಆಸೆಗಳು ಮತ್ತೆ ಬಂದಿವೆ ಎಂಬುದು ನಿಮಗೂ ನನಗೂ ಗೊತ್ತಿಲ್ಲವೇ?

ದಾದಿಗೆ ನಾನು ಒಂದು ಹಳೆಯ ಸಂಗತಿ ಹೇಳಿದೆ. ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲ. 1892ರಲ್ಲಿ ಹೆಸರಾಂತ ಛಾಯಾಗ್ರಾಹಕ ರಾಜಾ ದೀನದಯಾಳರು ಹೈದರಾಬಾದಿನಲ್ಲಿ ಪರ್ದಾ ಪಾಲಿಸುವ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೋ ತೆರೆದಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಆಂಗ್ಲ ಮಹಿಳೆ. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಎನಿಸಿದ ಹೋಮಾಯ್ ವ್ಯಾರಾವಾಲಾ ಸೀರೆಯುಟ್ಟು ಭಾರದ ಕ್ಯಾಮೆರಾ ಹೊತ್ತು ದಿಲ್ಲಿಯಲ್ಲಿ ಓಡಾಡಿದವರು. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ದಾದಿ ಕೇಳಿ ಸುಮ್ಮನಾದರು. “ಅದೆಲ್ಲ ಸರಿ, ಕೈ ಸೆಟೆದರೆ ಏನು ಮಾಡ್ತಾಳೆ?” ಎಂದರು.

ಅದು ನ್ಯಾಯವಾದ ಪ್ರಶ್ನೆ. ನನಗೆ ಕ್ಯಾಮೆರಾ ಗೊತ್ತಿಲ್ಲ. ಆದರೆ ಕೈಗಳ ಬಗ್ಗೆ ಸ್ವಲ್ಪ ಗೊತ್ತು. ಅಲ್ಲಿಂದಲೇ ಆರಂಭಿಸಿದೆವು.

ಬೆರಳಿಗೇ ಏಕೆ ಚಳಿ?

ಚಳಿ ತಾಕಿದೊಡನೆ ದೇಹ ಮೊದಲು ಕಾಪಾಡುವುದು ಹೃದಯ, ಮೆದುಳಿನಂಥ ಅಂಗಗಳನ್ನು. ಅದಕ್ಕಾಗಿ ಕೈಕಾಲಿನ ರಕ್ತನಾಳಗಳನ್ನು ಕುಗ್ಗಿಸಿ ಬಿಸಿ ರಕ್ತವನ್ನು ಒಳಗೆ ಉಳಿಸಿಕೊಳ್ಳುತ್ತದೆ. ಬೆರಳುಗಳು ತೆಳ್ಳಗೆ, ಉದ್ದಕ್ಕೆ ಇರುವುದರಿಂದ ಅವುಗಳ ಬಿಸಿ ಬೇಗ ಹೊರಟು ಹೋಗುತ್ತದೆ. ಬೆರಳೊಳಗೆ ಬಿಸಿ ಹುಟ್ಟಿಸುವ ದೊಡ್ಡ ಸ್ನಾಯುಗಳೂ ಇಲ್ಲ. ಬೆರಳನ್ನು ಆಡಿಸುವ ಸ್ನಾಯುಗಳಲ್ಲಿ ಹೆಚ್ಚಿನವು ಮುಂಗೈಯಲ್ಲಿವೆ. ಬೆರಳಿನ ಚರ್ಮದ ಉಷ್ಣಾಂಶ ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ನಾಜೂಕಿನ ಕೆಲಸ ಕೈಗೆ ಒಗ್ಗುವುದಿಲ್ಲ. ಗುಂಡಿ ಒತ್ತಿದ್ದೇವೋ ಇಲ್ಲವೋ ಎಂಬುದೇ ತಿಳಿಯದು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಕೈ ಬೆಚ್ಚಗಿರಬೇಕಾದರೆ ಮೊದಲು ಎದೆ, ಕುತ್ತಿಗೆ, ಕಿವಿ, ಮುಂಗೈ ಬೆಚ್ಚಗಿರಬೇಕು. ಬುರ್ಖಾದ ಅಗಲ ತೋಳಿನೊಳಗೆ ಬೈಕಿನ ಗಾಳಿ ನೇರವಾಗಿ ಮೊಣಕೈವರೆಗೆ ನುಗ್ಗುತ್ತದೆ. ಒಳಗೆ ಮಣಿಕಟ್ಟಿನವರೆಗೂ ಬಿಗಿಯಾಗಿ ಬರುವ ಸ್ವೆಟರ್ ಇಲ್ಲದಿದ್ದರೆ ಎಂಥ ಕೈಗವಸೂ ಅರ್ಧ ಕೆಲಸವನ್ನೇ ಮಾಡೀತು. ಗಾಳಿಯ ಲೆಕ್ಕವನ್ನೂ ನೋಡಿ. ಉಷ್ಣಾಂಶ 10 ಡಿಗ್ರಿ ಇದ್ದು ಬೈಕ್ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ, ಬರಿಯ ಚರ್ಮಕ್ಕೆ ತಾಕುವ ಚಳಿ ಸುಮಾರು 6 ಡಿಗ್ರಿಯದು. ನಮ್ಮ ಹುಡುಗಿಯ ಕೈ ಹೊಲ ತಲುಪುವ ಮೊದಲೇ ಅರ್ಧ ಸೋತಿತ್ತು.

ಇನ್ನೊಂದು ಸಂಗತಿ. ದಿನದಲ್ಲೇ ಅತಿ ಹೆಚ್ಚು ಚಳಿ ಇರುವುದು ನಡುರಾತ್ರಿಯಲ್ಲಿ ಅಲ್ಲ, ಸೂರ್ಯ ಹುಟ್ಟುವ ಹೊತ್ತಿನ ಆಸುಪಾಸಿನಲ್ಲಿ. ಫೋಟೋಕ್ಕೆ ಒಳ್ಳೆಯ ಬೆಳಕು ಇರುವುದೂ ಆಗಲೇ. ಆದ್ದರಿಂದ ಬಿಸಿಲೇರಿದ ಮೇಲೆ ಹೋಗು ಎಂಬ ಸಲಹೆ ಇಲ್ಲಿ ಕೆಲಸಕ್ಕೆ ಬಾರದು.

ದಪ್ಪವಾದದ್ದೇ ಒಳ್ಳೆಯದಲ್ಲ

ಅಂಗಡಿಗೆ ಹೋದರೆ ನಾವು ಮಾಡುವ ಮೊದಲ ತಪ್ಪು, ಎಲ್ಲಕ್ಕಿಂತ ದಪ್ಪವಾದದ್ದನ್ನು ಆರಿಸುವುದು. ಫೋಟೋ ತೆಗೆಯುವವರಿಗೆ ಬೇಕಾದದ್ದು ಬಿಚ್ಚದೆಯೇ ಕೆಲಸ ಮಾಡಬಲ್ಲ ಕೈಗವಸು. ಎಷ್ಟೇ ಬೆಚ್ಚಗಿದ್ದರೂ ಎರಡು ನಿಮಿಷಕ್ಕೊಮ್ಮೆ ಬಿಚ್ಚಬೇಕಾದರೆ ಅದು ಬೆಚ್ಚಗಿಟ್ಟಂತೆ ಆಗುವುದಿಲ್ಲ.

ಅದಕ್ಕೆ ಉಪಾಯ, ಒಂದು ದಪ್ಪ ಪದರದ ಬದಲು ಎರಡು ಪದರ. ಒಳಗೆ ಚರ್ಮಕ್ಕೆ ಅಂಟಿಕೊಳ್ಳುವ ತೆಳು ಕೈಗವಸು, ಅದರ ಮೇಲೆ ಉಣ್ಣೆಯದೊಂದು. ಎರಡರ ನಡುವೆ ನಿಲ್ಲುವ ಗಾಳಿಯೇ ಬಿಸಿಯನ್ನು ಹಿಡಿದಿಡುತ್ತದೆ. ಮೇಲಿನದನ್ನು ಸರಿಸಿದಾಗಲೂ ಬೆರಳು ಪೂರ್ತಿ ಬರಿದಾಗುವುದಿಲ್ಲ.

ಒಳಗಿನ ತೆಳು ಕೈಗವಸನ್ನು ಹುಡುಕುತ್ತ ಹೋದಾಗ ನಮಗೆ ನಗು ಬಂತು. ಅದು ಮನೆಯ ಕಪಾಟಿನಲ್ಲೇ ಇತ್ತು! ನಮ್ಮಲ್ಲಿ ಅನೇಕ ಸಹೋದರಿಯರು ಬುರ್ಖಾದ ಜೊತೆ ತೊಡುವ ಕಪ್ಪು ತೆಳು ಕೈಗವಸು. ಒಂದನ್ನೇ ಹಾಕಿಕೊಂಡರೆ ಚಳಿ ತಡೆಯದು, ಕ್ಯಾಮೆರಾವೂ ಜಾರುತ್ತದೆ. ಆದರೆ ಒಳ ಪದರವಾಗಿ ಅದು ಚೆನ್ನ. ಕೊಳ್ಳುವಾಗ ಹತ್ತಿಯದು ಬೇಡ. ಹತ್ತಿ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಒದ್ದೆ ಬಟ್ಟೆ ಕೈಯ ಬಿಸಿಯನ್ನು ಕದಿಯುತ್ತದೆ. ಪಾಲಿಯೆಸ್ಟರ್, ನೈಲಾನ್ ಅಥವಾ ತೆಳು ಉಣ್ಣೆ ವಾಸಿ. ಉಣ್ಣೆಯ ಗುಣವೆಂದರೆ ಸ್ವಲ್ಪ ತೇವವಾದರೂ ಬಿಸಿ ಬಿಟ್ಟುಕೊಡುವುದಿಲ್ಲ.

ಮೇಲಿನ ಪದರದಲ್ಲಿ ಮೂರು ಬಗೆಗಳಿವೆ. ಐದು ಬೆರಳೂ ಬೇರೆ ಬೇರೆಯಾಗಿರುವುದು ಒಂದು. ಹೆಬ್ಬೆರಳಿಗೆ ಒಂದು, ಉಳಿದ ನಾಲ್ಕಕ್ಕೆ ಸೇರಿ ಒಂದು ಚೀಲವಿರುವ ಮಿಟನ್ ಎರಡನೆಯದು. ಇದರೊಳಗೆ ಬೆರಳುಗಳು ಒಂದರ ಬಿಸಿಯನ್ನು ಒಂದು ಹಂಚಿಕೊಳ್ಳುವುದರಿಂದ ಇದೇ ಹೆಚ್ಚು ಬೆಚ್ಚಗೆ. ಆದರೆ ಇದರಲ್ಲಿ ಗುಂಡಿ ಒತ್ತಲಾಗದು. ಮೂರನೆಯದು ಇವೆರಡನ್ನೂ ಸೇರಿಸಿದ್ದು. ಬೆರಳ ತುದಿ ತೆರೆದಿರುತ್ತದೆ, ಮೇಲೆ ಟೊಪ್ಪಿಯಂತೆ ಮುಚ್ಚುವ ಒಂದು ಮಡಿಕೆ ಇರುತ್ತದೆ. ಕಾಯುವಾಗ ಮುಚ್ಚಿಕೊಳ್ಳಿ, ಜಿಂಕೆ ಬಂದಾಗ ಹಿಂದಕ್ಕೆ ಮಡಚಿ. ಔರಾದದ ಚಳಿಗೆ ಇದೇ ಸರಿ ಎಂದು ನಮಗೆ ತೋರಿತು.

ಕೊಳ್ಳುವ ಮುನ್ನ ಅಂಗಡಿಯಲ್ಲೇ ನೋಡಿ

ಕೈಗವಸನ್ನು ಕೈಗೆ ಹಾಕದೆ ಕೊಳ್ಳಬೇಡಿ. ಹಾಕಿ ಮುಷ್ಟಿ ಕಟ್ಟಿ. ಬೆರಳ ಸಂದುಗಳಲ್ಲಿ ಎಳೆದಂತಾದರೆ ಅದು ಚಿಕ್ಕದು. ಬಿಗಿಯಾದ ಕೈಗವಸು ರಕ್ತದ ಓಡಾಟವನ್ನೇ ತಡೆದು ಇನ್ನಷ್ಟು ಚಳಿ ಮಾಡುತ್ತದೆ. ತೀರಾ ಸಡಿಲವಾದರೆ ತುದಿ ಜೋತಾಡಿ ಗುಂಡಿ ತಪ್ಪುತ್ತದೆ. ಒಳಗಿನ ತೆಳು ಕೈಗವಸನ್ನು ತೊಟ್ಟುಕೊಂಡೇ ಅಂಗಡಿಗೆ ಹೋಗುವುದು ಜಾಣತನ. ಎರಡೂ ಸೇರಿದ ಅಳತೆ ಆಗಲೇ ತಿಳಿಯುವುದು.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಕೈಗವಸು ಹಾಕಿಕೊಂಡೇ ಪರ್ಸಿನಿಂದ ಒಂದು ನಾಣ್ಯ ಹೆಕ್ಕಿ. ಹೆಕ್ಕಲಾದರೆ ಕ್ಯಾಮೆರಾದ ಗುಂಡಿಯನ್ನೂ ಒತ್ತಬಹುದು. ಅಂಗೈ ಭಾಗದಲ್ಲಿ ಚರ್ಮದ ತುಂಡೋ, ರಬ್ಬರಿನ ಚುಕ್ಕೆಗಳೋ ಇವೆಯೇ ನೋಡಿ. ಬರಿಯ ಉಣ್ಣೆ ಪ್ಲಾಸ್ಟಿಕ್ಕಿನ ಮೇಲೆ ಜಾರುತ್ತದೆ. ಮಣಿಕಟ್ಟು ಮುಚ್ಚಿ ಇನ್ನೂ ನಾಲ್ಕು ಬೆರಳಗಲ ಮೇಲಕ್ಕೆ ಬರಲಿ. ಮಣಿಕಟ್ಟಿನಲ್ಲಿ ರಕ್ತನಾಳಗಳು ಚರ್ಮಕ್ಕೆ ಹತ್ತಿರವಾಗಿವೆ. ಅಲ್ಲಿ ಗಾಳಿ ತಾಕಿದರೆ ಬೆರಳಿಗೆ ತಣ್ಣನೆಯ ರಕ್ತವೇ ಹೋಗುತ್ತದೆ.

ಮೊಬೈಲಿನಲ್ಲಿ ಫೋಟೋ ತೆಗೆಯುವವರು ಇನ್ನೊಂದು ವಿಷಯ ಗಮನಿಸಿ. ಟಚ್ ಸ್ಕ್ರೀನ್ ಬೆರಳನ್ನು ಗುರುತಿಸುವುದು ಚರ್ಮದ ವಿದ್ಯುತ್ ಗುಣದಿಂದ. ಉಣ್ಣೆ ಅದನ್ನು ಅಡ್ಡಗಟ್ಟುತ್ತದೆ. ಅದಕ್ಕಾಗಿ ಬೆರಳ ತುದಿಯಲ್ಲಿ ವಿದ್ಯುತ್ ಹರಿಯುವ ದಾರ ನೇಯ್ದ ಕೈಗವಸುಗಳು ಸಿಗುತ್ತವೆ. ಅಂಗಡಿಯಲ್ಲೇ ನಿಮ್ಮ ಫೋನಿನ ಮೇಲೆ ಬೆರಳಾಡಿಸಿ ನೋಡಿ ಕೊಳ್ಳಿ. ಆ ದಾರ ದಿನ ಕಳೆದಂತೆ ಸವೆಯುತ್ತದೆ ಎಂಬುದೂ ನೆನಪಿರಲಿ. ಹೆಚ್ಚಿನ ಫೋನುಗಳಲ್ಲಿ ಪಕ್ಕದ ಧ್ವನಿ ಗುಂಡಿಯನ್ನು ಒತ್ತಿದರೂ ಫೋಟೋ ಬೀಳುತ್ತದೆ. ಇದಕ್ಕೆ ಯಾವ ಕೈಗವಸೂ ಅಡ್ಡಿಯಲ್ಲ.

ಪ್ರಾಣಿ ಪಕ್ಷಿಗಳ ಚಿತ್ರ ತೆಗೆಯುವವರಿಗೆ ಮಣ್ಣಿನ ಬಣ್ಣದ್ದು, ಮಾಸಲು ಹಸಿರಿನದು ಒಳ್ಳೆಯದು. ವೆಲ್ಕ್ರೋ ಪಟ್ಟಿ ಬೇಡ. ಅದನ್ನು ಎಳೆದಾಗ ಬರುವ ಪರಪರ ಸದ್ದಿಗೆ ಜಿಂಕೆ ಓಡಿಹೋಗುತ್ತದೆ. ಎರಡೂ ಕೈಗವಸುಗಳಿಗೆ ಒಂದು ದಾರ ಕಟ್ಟಿ, ಮಕ್ಕಳಿಗೆ ಮಾಡುವಂತೆ ತೋಳಿನೊಳಗಿಂದ ಹಾಯಿಸಿಕೊಂಡರೆ ತೊಗರಿ ಹೊಲದಲ್ಲಿ ಕಳೆದುಹೋಗುವ ಭಯವಿಲ್ಲ.

ಕಾಶ್ಮೀರ, ಲಡಾಖ್ ಪ್ರವಾಸಕ್ಕೆ ಹೋಗುವವರ, ಕೆನಡಾದಂಥ ದೇಶದಲ್ಲಿ ಮಕ್ಕಳಿರುವವರ ಮಾತು ಬೇರೆ. ಶೂನ್ಯಕ್ಕಿಂತ ಬಹಳ ಕೆಳಗಿನ ಚಳಿಯಲ್ಲಿ ಬೆರಳು ಹೆಪ್ಪುಗಟ್ಟಿ ಕೊಳೆಯುವ ಅಪಾಯವೇ ಇದೆ. ಅಲ್ಲಿ ಗಾಳಿ, ನೀರು ತೂರದ ಮಿಟನ್ ಮೂರನೇ ಪದರವಾಗಿ ಬೇಕು. ಬರಿಗೈಯಲ್ಲಿ ಲೋಹವನ್ನು ಮುಟ್ಟಬಾರದು. ನಮ್ಮ ಚಳಿಯಲ್ಲೂ ಲೋಹದ ಟ್ರೈಪಾಡ್ ಕೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅದರ ಕಾಲಿಗೆ ಹಳೆಯ ಬಟ್ಟೆ ಸುತ್ತಿದರಾಯಿತು.

ಮಗಳ ಕೈ, ತಾಯಿಯ ಕೈ

ಅಂತೂ ನಾವು ಪೇಟೆಗೆ ಹೋಗಲಿಲ್ಲ. ದಾದಿಯ ಪೆಟ್ಟಿಗೆಯಲ್ಲಿ ಹಳೆಯ ಸ್ವೆಟರಿನ ಉಣ್ಣೆ ಇತ್ತು. “ಬೆರಳು ತೆರೆದಿರಬೇಕು, ಮೇಲೆ ಮುಚ್ಚಳ ಬೇಕು, ಅಷ್ಟೇ ತಾನೇ?” ಎಂದು ದಾದಿಯೇ ಹೆಣೆಯಲು ಕುಳಿತರು! ಮೂರು ದಿನದಲ್ಲಿ ಜೋಡಿ ಸಿದ್ಧವಾಯಿತು. ಅಂಗೈಗೆ ಹಳೆಯ ಚರ್ಮದ ಪರ್ಸಿನ ತುಂಡನ್ನು ನಾನು ಹೊಲಿದೆ.

ಅಳತೆ ನೋಡಲೆಂದು ಹುಡುಗಿ ತನ್ನ ಅಮ್ಮಿಯ ಕೈ ಹಿಡಿದು ಅದನ್ನು ತೊಡಿಸಹೋದಳು. ನಾದಿನಿ ಆಗಷ್ಟೇ ಅಂಗಳದ ತೊಟ್ಟಿಯ ನೀರಿನಲ್ಲಿ ಪಾತ್ರೆ ತೊಳೆದು ಬಂದಿದ್ದಳು. ಹುಡುಗಿ ಗಾಬರಿಯಾಗಿ ಕೂಗಿದಳು, “ಮುಮಾನಿ, ಇಲ್ಲಿ ನೋಡಿ!” ನಾದಿನಿಯ ಮೂರು ಬೆರಳುಗಳ ತುದಿ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ನಾವು ನೋಡುತ್ತಿದ್ದಂತೆ ನೀಲಿಗೆ ತಿರುಗಿತು. ಸ್ವಲ್ಪ ಹೊತ್ತಿನ ಮೇಲೆ ಕೆಂಪಾಗಿ ಜುಮ್ಮೆನ್ನತೊಡಗಿತು.

“ಅಯ್ಯೋ ಭಾಬಿ, ನಾಲ್ಕು ವರ್ಷದಿಂದ ಪ್ರತಿ ಚಳಿಗಾಲದಲ್ಲೂ ಹೀಗೇ. ಬಿಸಿಲು ಬಂದ ಮೇಲೆ ತಾನಾಗಿ ಸರಿಹೋಗುತ್ತೆ” ಎಂದಳು ನಾದಿನಿ.

ನಾಲ್ಕು ವರ್ಷ! ಮನೆಯಲ್ಲಿ ಯಾರೂ ನೋಡಿರಲಿಲ್ಲ. ಅವಳೂ ಹೇಳಿರಲಿಲ್ಲ. ಚಳಿಯಲ್ಲಿ ಎಲ್ಲರಿಗಿಂತ ಮೊದಲು ಎದ್ದು, ವುಝೂ ಮಾಡಿ, ಅದೇ ಒದ್ದೆ ಕೈಯಲ್ಲಿ ಒಲೆ ಹಚ್ಚಿ, ಪಾತ್ರೆ ತೊಳೆದು, ಬಟ್ಟೆ ಹಿಂಡುವ ಕೈಗೆ ಒಂದು ಜೋಡಿ ಕೈಗವಸು ಬೇಕೆಂದು ನಮಗೆ ಎಂದಾದರೂ ಹೊಳೆದಿದೆಯೇ? ಒಂದು ಕ್ಯಾಮೆರಾ ಬಿದ್ದುದರಿಂದ ಅಂದು ಆ ಕೈ ನಮ್ಮ ಕಣ್ಣಿಗೆ ಬಿತ್ತು.

ಬೀದರಿನ ವೈದ್ಯರಿಗೆ ತೋರಿಸಿದೆವು. ಇದಕ್ಕೆ ರೇನಾಡ್ಸ್ ಎನ್ನುತ್ತಾರೆ. 1862ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯರ ಹೆಸರೇ ಇದಕ್ಕೆ ಬಂದಿದೆ. ಚಳಿ ತಾಕಿದಾಗ ಬೆರಳಿನ ಸಣ್ಣ ರಕ್ತನಾಳಗಳು ಅಗತ್ಯಕ್ಕಿಂತ ಹೆಚ್ಚು ಕುಗ್ಗಿಬಿಡುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಅನೇಕರಿಗೆ ಇದರಿಂದ ದೊಡ್ಡ ತೊಂದರೆಯೇನೂ ಇಲ್ಲ. ಕೈ ಮತ್ತು ಮೈ ಬೆಚ್ಚಗಿಟ್ಟುಕೊಂಡರೆ ಸಾಕು. ಆದರೆ 30 ದಾಟಿದ ಮೇಲೆ ಶುರುವಾಗಿದ್ದರೆ, ಒಂದೇ ಕೈಯಲ್ಲಿದ್ದರೆ, ಬೆರಳ ತುದಿಯಲ್ಲಿ ಹುಣ್ಣಾದರೆ, ಜೊತೆಗೆ ಕೀಲು ನೋವೋ ಚರ್ಮ ಬಿಗಿಯುವುದೋ ಇದ್ದರೆ ತಡಮಾಡಬಾರದು. ಬೇರೊಂದು ಕಾಯಿಲೆಯ ಸೂಚನೆಯೂ ಅದಾಗಿರಬಹುದು. ನಾದಿನಿಗೆ ರಕ್ತ ಪರೀಕ್ಷೆ ಮಾಡಿಸಿದರು. ಹೆದರುವಂಥದ್ದೇನೂ ಇರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಈಗ ಅವಳು ವುಝೂ ಮಾಡುವುದು ಉಗುರುಬೆಚ್ಚನೆಯ ನೀರಿನಲ್ಲಿ. ಪಾತ್ರೆ ತೊಳೆಯುವಾಗ ತೆಳು ಕೈಗವಸಿನ ಮೇಲೆ ರಬ್ಬರಿನದು. ಇಲ್ಲಿಯೂ ಎರಡು ಪದರ!

ಇದನ್ನು ಮರೆಯಬೇಡಿ

ನೀವು ಬೆಳಗಿನ ಜಾವ ಹೊರಡುವವರಾದರೆ ಕೈಗವಸು ಹಾಕುವ ಮೊದಲು ಬೆರಳ ಸಂದುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ವುಝೂ ಮಾಡಿದ ನೀರಿನ ತೇವ ಒಳಗೆ ಉಳಿದರೆ ಕೈಗವಸೇ ಚಳಿಯ ಚೀಲವಾಗುತ್ತದೆ. ಕೈ ತಣ್ಣಗಾದ ಮೇಲೆ ಹಾಕಿಕೊಳ್ಳುವುದಲ್ಲ, ಮನೆಯೊಳಗೆ ಬೆಚ್ಚಗಿರುವಾಗಲೇ ಹಾಕಿಕೊಳ್ಳಿ. ಕೈಗವಸು ಬಿಸಿಯನ್ನು ಹುಟ್ಟಿಸುವುದಿಲ್ಲ, ಇರುವ ಬಿಸಿಯನ್ನು ಕಾಯುತ್ತದೆ.

ಮರಗಟ್ಟಿದ ಕೈಯನ್ನು ಒಲೆಯ ಉರಿಗೆ, ಕೆಂಡಕ್ಕೆ ಹಿಡಿಯಬೇಡಿ. ಸ್ಪರ್ಶ ತಿಳಿಯದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯಿರುವ ಹಿರಿಯರು ಇದನ್ನು ವಿಶೇಷವಾಗಿ ನೆನಪಿಡಬೇಕು. ಕಂಕುಳಲ್ಲಿ ಕೈಯಿಟ್ಟುಕೊಳ್ಳಿ ಅಥವಾ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ. ಒಳಗೆ ಕಬ್ಬಿಣದ ಪುಡಿಯಿರುವ, ಗಾಳಿ ತಾಕಿದರೆ ಬಿಸಿಯಾಗುವ ಪುಟ್ಟ ಚೀಟುಗಳು ಈಗ ಸಿಗುತ್ತವೆ. ಅವನ್ನೂ ನೇರವಾಗಿ ಚರ್ಮಕ್ಕೆ ತಾಗಿಸದೆ ಎರಡು ಪದರಗಳ ನಡುವೆ ಇಡಿ.

ಕ್ಯಾಮೆರಾದ ಬಗ್ಗೆಯೂ ಒಂದು ಮಾತು. ಚಳಿಯಲ್ಲಿ ತಣ್ಣಗಾದ ಕ್ಯಾಮೆರಾವನ್ನು ನೇರವಾಗಿ ಚಹಾ ಕುದಿಯುವ ಅಡುಗೆಮನೆಗೆ ತಂದರೆ ಲೆನ್ಸಿನ ಮೇಲೆ ನೀರಿನ ಹನಿ ಕಟ್ಟುತ್ತದೆ. ಹೊರಗೇ ಚೀಲದೊಳಗಿಟ್ಟು ಮುಚ್ಚಿ, ಒಳಗೆ ತಂದು ಅರ್ಧ ಗಂಟೆ ಹಾಗೇ ಬಿಡಿ.

ವಾರದ ಕೊನೆಯ ದಿನ ಮತ್ತೆ ಹೋಗಿ ಬಂದರು. ಈ ಸಲ ಮುಕ್ಕಾಲು ಗಂಟೆ ಕಾದಿದ್ದಳಂತೆ. ಅವಳು ತೋರಿಸಿದ ಚಿತ್ರದಲ್ಲಿ ಗಂಡು ಜಿಂಕೆಯ ಕೊಂಬಿನ ತುದಿ ಸ್ವಲ್ಪ ಕತ್ತರಿಸಿ ಹೋಗಿತ್ತು. ಆದರೆ ಚಿತ್ರ ಅಲುಗಿರಲಿಲ್ಲ. ದಾದಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಮುಚ್ಚಳ ಸ್ವಲ್ಪ ಸಡಿಲವಾಗಿದೆ ಅಲ್ವಾ? ಕೊಡು, ಸರಿ ಮಾಡ್ತೀನಿ” ಎಂದರು.

ಸಹೋದರಿ, ನಿಮ್ಮ ಮನೆಯಲ್ಲಿ ಫೋಟೋ ತೆಗೆಯುವ ಮಗಳು ಇರಲಿ ಬಿಡಲಿ, ಈ ಚಳಿಗಾಲದ ಒಂದು ಬೆಳಗ್ಗೆ ಮನೆಯವರ ಕೈಗಳನ್ನು ಒಮ್ಮೆ ಹಿಡಿದು ನೋಡಿ. ಹಾಲು ಹಾಕಲು ಹೊರಡುವ ಮಗನದು, ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುವ ಮಗಳದು, ವಯಸ್ಸಾದ ಅತ್ತೆಯದು. ಕೊನೆಗೆ ನಿಮ್ಮದೂ.